ಸಮೋವಾದ ಫೊಫೋ, ಮಾವೊರಿಗಳ ರೊಂಗೊಆ: ಪಾಲಿನೇಷ್ಯಾದ ಪಾರಂಪರಿಕ ಚಿಕಿತ್ಸೆಯನ್ನು ಯಾವ ಅಳತೆಗೋಲಿನಿಂದ ನೋಡಬೇಕು?

ವಾಣಿ, ಆಕ್ಲೆಂಡ್

ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಆಕ್ಲೆಂಡಿನಲ್ಲಿ ಫಿಸಿಯೊಥೆರಪಿಸ್ಟ್ ಆಗಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಪಾಲಿನೇಷ್ಯಾ ಎನ್ನುವ ಪೆಸಿಫಿಕ್ ಸಾಗರದ ದ್ವೀಪಗಳಾದ ಸಮೋವಾ, ಟೊಂಗಾ, ಕುಕ್ ದ್ವೀಪಗಳ ಮೂಲದವರೂ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳೂ ಬಹಳ ಮಂದಿ ಇದ್ದಾರೆ. ಸೊಂಟನೋವು, ಉಳುಕು, ಹಳೆಯ ಪೆಟ್ಟು ಎಂದು ಬಂದವರನ್ನು ಸ್ವಲ್ಪ ಸಲಿಗೆಯಿಂದ ವಿಚಾರಿಸಿದರೆ, ತಮ್ಮ ಸಮುದಾಯದ ಫೊಫೋ ಬಳಿ ಮೊದಲೇ ಹೋಗಿ ಬಂದಿರುವುದನ್ನು ಹೇಳುತ್ತಾರೆ. ಸಮೋವಾದಲ್ಲಿ ಅಂಗಮರ್ದನದಿಂದ ಚಿಕಿತ್ಸೆ ಮಾಡುವವರನ್ನು ಫೊಫೋ ಎಂದೂ, ಗಿಡಮೂಲಿಕೆಯ ಔಷಧ ಕೊಡುವವರನ್ನು ತೌಲಾಸೇಆ ಎಂದೂ, ಹೆರಿಗೆ ಮಾಡಿಸುವ ಸೂಲಗಿತ್ತಿಯರನ್ನು ಫಾಆತೊಸಾಗಾ ಎಂದೂ ಕರೆಯುತ್ತಾರೆ.

ರೋಗಿಯೊಬ್ಬರ ಮನೆಯವರು ಒಪ್ಪಿದ್ದರಿಂದ ಒಮ್ಮೆ ಈ ಚಿಕಿತ್ಸೆಯನ್ನು ಹತ್ತಿರದಿಂದ ನೋಡಿದೆ. ವಯಸ್ಸಾದ ಹೆಂಗಸೊಬ್ಬರು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕೈ ಬೆಚ್ಚಗಾಗುವವರೆಗೆ ಉಜ್ಜಿ, ಚಾಪೆಯ ಮೇಲೆ ಮಲಗಿದ್ದವರ ಹೊಕ್ಕುಳಿನ ಕೆಳಗೆ ಮೂರು ಬೆರಳುಗಳನ್ನಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಟೊಆಲಾ ಎಂಬುದು ಹೊಕ್ಕುಳಿನ ಕೆಳಗಿರುತ್ತದೆ, ಅದು ಜಾಗ ತಪ್ಪಿದರೆ ಹಸಿವು, ನಿದ್ದೆ, ಶಕ್ತಿ ಎಲ್ಲವೂ ಕೆಡುತ್ತವೆ ಎಂಬುದು ಅವರ ತಿಳಿವಳಿಕೆ. ಅದು ಎಲ್ಲಿಗೆ ಸರಿದಿದೆ ಎಂದು ಬೆರಳಿನಿಂದಲೇ ಕಂಡುಕೊಂಡು, ಪಕ್ಕೆಲುಬಿನ ಅಂಚಿನಿಂದ ನಿಧಾನವಾಗಿ ಒತ್ತುತ್ತಾ ಮತ್ತೆ ನಡುವಿಗೆ ತಂದರು. ಕೊನೆಗೆ ಮನೆಯವರೆಲ್ಲರೂ ಸೇರಿ ಪ್ರಾರ್ಥನೆ ಮಾಡಿದರು.

ನನ್ನ ಪ್ರಶ್ನೆಗೆ ಬರುತ್ತೇನೆ. ನ್ಯೂಜಿಲೆಂಡಿನ ಅಪಘಾತ ಪರಿಹಾರ ನಿಗಮವು 2020ರಿಂದ ಮಾವೊರಿಗಳ ರೊಂಗೊಆ ಎಂಬ ಪಾರಂಪರಿಕ ಚಿಕಿತ್ಸೆಗೆ ಹಣ ಕೊಡುತ್ತಿದೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಬಹಳ ಹಿಂದೆಯೇ ಮಾಡಬೇಕಿತ್ತು ಎನ್ನುತ್ತಾರೆ, ಇನ್ನು ಕೆಲವರು ಪುರಾವೆ ಇಲ್ಲದ್ದಕ್ಕೆ ಸಾರ್ವಜನಿಕ ಹಣ ಏಕೆ ಎಂದು ಸಿಟ್ಟಾಗುತ್ತಾರೆ. ಇಂಥ ಚಿಕಿತ್ಸೆಗಳನ್ನು ಪ್ರಯೋಗಾಲಯದ ಅಳತೆಗೋಲಿನಿಂದ ನೋಡಬೇಕೇ, ಅಥವಾ ಆ ಜನರ ಅಳತೆಗೋಲಿನಿಂದಲೇ ನೋಡಬೇಕೇ? ವೈದ್ಯರು, ಸಸ್ಯಶಾಸ್ತ್ರ ಬಲ್ಲವರು ಇಲ್ಲಿ ಇದ್ದೀರಿ. ದಯವಿಟ್ಟು ಹೇಳಿ.

ಶರಣಪ್ಪ, ಕಲಬುರಗಿ

ಮೇಡಂ, ನಮ್ಮ ಕಡೆ ‘ಬಟ್ಟಿ ಸರಿದಿದೆ’ ಎಂದು ಹೊಟ್ಟೆ ತಿಕ್ಕಿಸಿಕೊಳ್ಳುವುದು ಇದೇ ಅಲ್ಲವೇ? ನನ್ನ ಅಜ್ಜಿ ಊರಿನ ಮಕ್ಕಳಿಗೆಲ್ಲ ಬಟ್ಟಿ ತಿಕ್ಕುತ್ತಿದ್ದರು. ಅಷ್ಟು ದೂರದ ದ್ವೀಪದಲ್ಲಿಯೂ ಹೊಕ್ಕುಳಿನ ಸುತ್ತಲೇ ಕಾಯಿಲೆಯನ್ನು ಹುಡುಕುತ್ತಾರೆ ಎಂದು ಓದಿ ಆಶ್ಚರ್ಯವಾಯಿತು.

ಡಾ. ಗುರುರಾಜ್, ಹುಬ್ಬಳ್ಳಿ

ಅಳತೆಗೋಲು ಒಂದೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ದೇಹ ಸಮೋವಾದವರದ್ದಾದರೂ ಹುಬ್ಬಳ್ಳಿಯವರದ್ದಾದರೂ ಕರುಳು, ಯಕೃತ್ತು ಒಂದೇ ರೀತಿ ಕೆಲಸ ಮಾಡುತ್ತವೆ. ಸೊಂಟನೋವಿಗೆ ಎಣ್ಣೆ ಹಚ್ಚಿ ಒತ್ತಿದರೆ ಹಾಯೆನಿಸುತ್ತದೆ ಎಂಬುದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೊಟ್ಟೆನೋವು ಎಂದು ಬಂದವನಿಗೆ ಅಪೆಂಡಿಕ್ಸ್ ಊದಿಕೊಂಡಿದ್ದು, ಟೊಆಲಾ ಸರಿದಿದೆ ಎಂದು ಅದೇ ಜಾಗವನ್ನು ಒತ್ತಿದರೆ ಏನಾಗುತ್ತದೆ ಎಂಬುದನ್ನು ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಸಸ್ಯಮಿತ್ರ, ಶಿರಸಿ

ಗುರುರಾಜ್ ಸರ್, ಒಂದೇ ಅಳತೆಗೋಲು ಎಂದಿರಿ. ಅದೇ ಅಳತೆಗೋಲಿನಿಂದ ನೋಡಿದ ಒಂದು ನಿದರ್ಶನವನ್ನು ಹೇಳುತ್ತೇನೆ.

ಸಮೋವಾದ ಸವಾಯಿ ದ್ವೀಪದ ಪಶ್ಚಿಮದ ತುದಿಯಲ್ಲಿ ಫಾಲೆಆಲುಪೊ ಎಂಬ ಹಳ್ಳಿಯಿದೆ. ಅಮೆರಿಕದ ಜನಾಂಗೀಯ ಸಸ್ಯಶಾಸ್ತ್ರಜ್ಞ ಪಾಲ್ ಆಲನ್ ಕಾಕ್ಸ್ 1984ರಲ್ಲಿ ಕುಟುಂಬದೊಂದಿಗೆ ಅಲ್ಲಿಗೆ ಹೋಗಿ, ಸಮೋವಾದ ಭಾಷೆಯಲ್ಲಿಯೇ ತೌಲಾಸೇಆಗಳ ಬಳಿ ಕುಳಿತು ಕಲಿತರು. ಎಪೆನೇಸಾ ಮಾವಿಗೋಆ ಎಂಬ ಹಿರಿಯ ವೈದ್ಯೆ ಅವರಿಗೆ ಮಾಮಲಾ ಎಂಬ ಮರವನ್ನು ತೋರಿಸಿದರು. ಅದು ನಮ್ಮ ಹರಳು ಗಿಡದ ಕುಟುಂಬಕ್ಕೇ ಸೇರಿದ ಸಣ್ಣ ಮರ, ಸಸ್ಯಶಾಸ್ತ್ರದ ಹೆಸರು ಹೊಮಲಾಂಥಸ್ ನ್ಯೂಟಾನ್ಸ್. ಕಾಂಡವನ್ನು ಹೆರೆದು, ಬಟ್ಟೆಯಲ್ಲಿ ಕಟ್ಟಿ, ನೀರಿಗೆ ಇಳಿಸಿದ ಕಷಾಯವನ್ನು ಕಾಮಾಲೆಯ ಲಕ್ಷಣಗಳಿರುವವರಿಗೆ ಕುಡಿಸುತ್ತಾರೆ. ನಮಗೆ ಒಂದೇ ಮರವಾಗಿ ಕಾಣುವುದರಲ್ಲಿ ಆ ವೈದ್ಯೆಯರು ಎರಡು ಬಗೆಗಳನ್ನು ಗುರುತಿಸುತ್ತಾರೆ, ಅದರಲ್ಲಿ ಒಂದನ್ನು ಮಾತ್ರ, ಅದೂ ಇಂತಿಷ್ಟು ಬೆಳೆದದ್ದನ್ನು ಮಾತ್ರ ಔಷಧಕ್ಕೆ ಬಳಸುತ್ತಾರೆ.

ಆ ಮರದ ಮಾದರಿಗಳನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಪ್ರೊಸ್ಟ್ರಾಟಿನ್ ಎಂಬ ಸಂಯುಕ್ತ ಸಿಕ್ಕಿತು. ಎಚ್‌ಐವಿ ವೈರಾಣು ಔಷಧಗಳ ಕೈಗೆ ಸಿಗದೆ ಕೆಲವು ಜೀವಕೋಶಗಳೊಳಗೆ ಸುಪ್ತವಾಗಿ ಅಡಗಿರುತ್ತದೆ. ಅದನ್ನು ಎಬ್ಬಿಸಿ ಹೊರಗೆಳೆಯುವ ಗುಣ ಪ್ರೊಸ್ಟ್ರಾಟಿನ್‌ಗೆ ಇದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂದಿತು. ಕಾಡಿನ ಸಾವಿರಾರು ಗಿಡಗಳಲ್ಲಿ ಯಾವುದನ್ನು ಪರೀಕ್ಷಿಸಬೇಕು ಎಂಬುದನ್ನು ತಿಳಿಸಿದ್ದು ಪ್ರಯೋಗಾಲಯವಲ್ಲ, ಎಪೆನೇಸಾ.

ರಘುನಂದನ, ಬೆಂಗಳೂರು

ಸಸ್ಯಮಿತ್ರ ಅವರೇ, ನಿಮ್ಮ ನಿರೂಪಣೆಗೆ ಒಂದೆರಡು ತಿದ್ದುಪಡಿಗಳು ಬೇಕು. ನಾನು ಸಾವಯವ ರಸಾಯನಶಾಸ್ತ್ರದವನು, ಆದ್ದರಿಂದ ಈ ಅಣುವಿನ ಇತಿಹಾಸ ಸ್ವಲ್ಪ ಗೊತ್ತು.

ಪ್ರೊಸ್ಟ್ರಾಟಿನ್ ಮೊದಲು ಬೇರ್ಪಡಿಸಲ್ಪಟ್ಟದ್ದು ಮಾಮಲಾದಿಂದ ಅಲ್ಲ. ನ್ಯೂಜಿಲೆಂಡಿನ ಪಿಮೆಲಿಯಾ ಪ್ರೊಸ್ಟ್ರಾಟಾ ಎಂಬ, ದನಕರುಗಳಿಗೆ ವಿಷವಾಗುವ ನೆಲಗಂಟಿಯಿಂದ 1976ರಲ್ಲಿಯೇ ಅದನ್ನು ಬೇರ್ಪಡಿಸಿದ್ದರು, ಅಣುವಿನ ಹೆಸರೂ ಆ ಗಿಡದ್ದೇ. ಎಚ್‌ಐವಿಯ ಮೇಲೆ ಅದರ ಪರಿಣಾಮ ತಿಳಿದದ್ದು ಮಾತ್ರ ಸಮೋವಾದ ಮರದಿಂದ. ಎರಡನೆಯದಾಗಿ, ಎಪೆನೇಸಾ ಅದನ್ನು ಕೊಡುತ್ತಿದ್ದದ್ದು ಕಾಮಾಲೆಗೆ. ಎಚ್‌ಐವಿಗೆ ಸಮೋವಾದಲ್ಲಿ ಪರಂಪರಾಗತ ಔಷಧವಿತ್ತು ಎಂಬಂತೆ ಕೆಲವರು ಬರೆಯುತ್ತಾರೆ, ಅದು ತಪ್ಪು. ಮೂರನೆಯದಾಗಿ, ಅದು ಇನ್ನೂ ಅನುಮೋದಿತ ಔಷಧವಾಗಿಲ್ಲ.

ಕನ್ನಡದ ಓದುಗರಿಗೆ ಆಸಕ್ತಿ ಹುಟ್ಟಿಸುವ ಸಂಗತಿಯೊಂದಿದೆ. ಮರದಿಂದ ಸಿಗುವ ಪ್ರಮಾಣ ಬಹಳ ಕಡಿಮೆಯಾದ್ದರಿಂದ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪಾಲ್ ವೆಂಡರ್ ಅವರ ತಂಡ 2008ರಲ್ಲಿ ಕೆಲವೇ ಹಂತಗಳಲ್ಲಿ ಅದನ್ನು ತಯಾರಿಸುವ ಮಾರ್ಗವನ್ನು ಪ್ರಕಟಿಸಿತು. ಅವರು ಬಳಸಿದ ಮೂಲವಸ್ತು ಫೋರ್ಬಾಲ್, ಅದು ದೊರೆಯುವುದು ಜಾಪಾಳದ ಬೀಜದ ಎಣ್ಣೆಯಿಂದ. ನಮ್ಮ ಆಯುರ್ವೇದದವರು ಶುದ್ಧಿ ಮಾಡದೆ ಮುಟ್ಟಬಾರದು ಎಂದು ಎಚ್ಚರಿಸುವ, ಉಗ್ರವಾಗಿ ಭೇದಿ ಮಾಡಿಸುವ ಅದೇ ಜಾಪಾಳ. ಮಾಮಲಾ, ಜಾಪಾಳ ಎರಡೂ ಒಂದೇ ಸಸ್ಯಕುಟುಂಬದವು.

ಸಸ್ಯಮಿತ್ರ, ಶಿರಸಿ

ಪಿಮೆಲಿಯಾದ ವಿಷಯ ಸೇರಿಸಿದ್ದು ಒಳ್ಳೆಯದಾಯಿತು. ಆದರೂ ಫಾಲೆಆಲುಪೊದ ಕಥೆಯಲ್ಲಿ ನನಗೆ ಅಣುವಿಗಿಂತ ಮುಖ್ಯವಾಗಿ ಕಾಣುವುದು ಕಾಡು. 1980ರ ದಶಕದ ಕೊನೆಯಲ್ಲಿ ಆ ಹಳ್ಳಿಗೆ ಶಾಲೆ ಕಟ್ಟಲೇಬೇಕಾದ ಒತ್ತಡ ಬಂದು, ಹಣಕ್ಕಾಗಿ ಮರ ಕಡಿಯುವ ಕಂಪನಿಗೆ ತಮ್ಮ ಮಳೆಕಾಡನ್ನು ಕೊಡಲು ಹಿರಿಯರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ್ದರು. ಕಾಕ್ಸ್ ಶಾಲೆಯ ಹಣವನ್ನು ಹೊಂದಿಸಿಕೊಡುವುದಾಗಿ ಮಾತುಕೊಟ್ಟರು, ಹಳ್ಳಿಯವರು ಸುಮಾರು 30,000 ಎಕರೆ ಕಾಡನ್ನು 50 ವರ್ಷ ಕಡಿಯದೆ ಉಳಿಸುವುದಾಗಿ 1989ರಲ್ಲಿ ಒಪ್ಪಂದ ಮಾಡಿಕೊಂಡರು. ಹಳ್ಳಿಯ ಮುಖಂಡ ಫುಯಿಯೊನೊ ಸೆನಿಯೊ ಮತ್ತು ಕಾಕ್ಸ್ ಇಬ್ಬರಿಗೂ 1997ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂದಿತು. ಕಾಡು ಹೋಗಿದ್ದರೆ ಎಪೆನೇಸಾ ಅವರ ತಿಳಿವಳಿಕೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು ಏನು ಮಾಡಬೇಕಿತ್ತು?

ಮಂಗಳಾ, ಮೈಸೂರು

ಔಷಧ ಮಾರುಕಟ್ಟೆಗೆ ಬಂದರೆ ಆ ಊರಿನವರಿಗೆ ಏನಾದರೂ ಸಿಗುತ್ತದೆಯೇ? ಅಥವಾ ಎಂದಿನಂತೆ ಹೆಸರು ಒಬ್ಬರಿಗೆ, ಹಣ ಇನ್ನೊಬ್ಬರಿಗೆ ಎಂದಾಗುತ್ತದೆಯೇ?

ರಘುನಂದನ, ಬೆಂಗಳೂರು

ಮಂಗಳಾ ಮೇಡಂ, ಈ ಪ್ರಕರಣದಲ್ಲಿ ಒಪ್ಪಂದಗಳಿವೆ. 2001ರಲ್ಲಿ ಅಮೆರಿಕದ ಏಡ್ಸ್ ರಿಸರ್ಚ್ ಅಲಯನ್ಸ್ ಸಂಸ್ಥೆಯು ಲಾಭದಲ್ಲಿ ಶೇಕಡಾ 20ರಷ್ಟು ಪಾಲನ್ನು ಸಮೋವಾಕ್ಕೆ ಕೊಡಲು ಒಪ್ಪಿತು. 2004ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಮರದ ಜೀನ್‌ಗಳಿಂದ ಬರಬಹುದಾದ ಆದಾಯದಲ್ಲಿ ಸಮೋವಾಕ್ಕೆ ಅರ್ಧ ಪಾಲು ಎಂದು ಸಹಿ ಹಾಕಿತು. ಸರ್ಕಾರಕ್ಕೆ ಮಾತ್ರವಲ್ಲದೆ ಹಳ್ಳಿಗೂ, ತಿಳಿವಳಿಕೆ ಹಂಚಿಕೊಂಡ ವೈದ್ಯೆಯರ ಕುಟುಂಬಗಳಿಗೂ ಅದರಲ್ಲಿ ಭಾಗವಿದೆ. ಆದರೆ ಔಷಧವೇ ಬಾರದಿರುವಾಗ ಪಾಲು ಕಾಗದದ ಮೇಲೆಯೇ ಉಳಿಯುತ್ತದೆ. ನಮ್ಮ ನೆರೆಯ ಕೇರಳದ ಕಾಣಿ ಬುಡಕಟ್ಟಿನವರ ಆರೋಗ್ಯಪಚ್ಚೆ ಎಂಬ ಔಷಧ ಗಿಡದ ವಿಷಯದಲ್ಲಿ ಲಾಭ ಹಂಚಿಕೆ ಇದಕ್ಕೂ ಮೊದಲೇ ನಡೆದಿತ್ತು ಎಂಬುದನ್ನೂ ನೆನಪಿಡಬೇಕು.

ಡಾ. ಗುರುರಾಜ್, ಹುಬ್ಬಳ್ಳಿ

ಸಾವಿರ ಗಿಡಗಳಲ್ಲಿ ಒಂದು ಗಿಡದಲ್ಲಿ ಅಣು ಸಿಕ್ಕಿದ್ದರಿಂದ ಉಳಿದ ಚಿಕಿತ್ಸೆಗಳಿಗೆಲ್ಲ ಮುದ್ರೆ ಬಿದ್ದಂತಾಗುವುದಿಲ್ಲ. 2019ರ ಕೊನೆಯಲ್ಲಿ ಇದೇ ಸಮೋವಾದಲ್ಲಿ ದಡಾರ ಹಬ್ಬಿದಾಗ 83 ಮಂದಿ ಸತ್ತರು. ಅವರಲ್ಲಿ ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಎರಡು ಲಕ್ಷ ಜನಸಂಖ್ಯೆಯ ದೇಶಕ್ಕೆ ಇದು ಎಷ್ಟು ದೊಡ್ಡ ಸಾವು ಎಂಬುದನ್ನು ಯೋಚಿಸಿ. ಜ್ವರ ಬಂದ ಮಕ್ಕಳನ್ನು ಮೊದಲು ಪಾರಂಪರಿಕ ವೈದ್ಯರ ಬಳಿಗೆ ಒಯ್ದು, ಉಸಿರಾಟ ಕಷ್ಟವಾದ ಮೇಲೆ ಆಸ್ಪತ್ರೆಗೆ ತಂದ ಪೋಷಕರು ಇದ್ದರು. ಮಗುವಿನ ನ್ಯುಮೋನಿಯಾದಲ್ಲಿ ಒಂದು ದಿನ ತಡವಾದರೂ ಜೀವ ಹೋಗುತ್ತದೆ. ಸಂಸ್ಕೃತಿಯ ಗೌರವ ಎಂದು ನಾವು ದೂರದಿಂದ ಬರೆಯುವುದು ಸುಲಭ, ಆ ಮಕ್ಕಳಿಗೆ ಅದರಿಂದ ಏನಾಯಿತು?

ವಾಣಿ, ಆಕ್ಲೆಂಡ್

ಡಾಕ್ಟರೇ, ಆ ದಿನಗಳಲ್ಲಿ ನಾನು ಇಲ್ಲಿಯೇ ಇದ್ದೆ. ನಮ್ಮ ಕ್ಲಿನಿಕ್ಕಿಗೆ ಬರುವ ಎಷ್ಟೋ ಕುಟುಂಬಗಳಲ್ಲಿ ಊರಿನ ಕಡೆಯಿಂದ ಸಾವಿನ ಸುದ್ದಿ ಬಂದಿತ್ತು, ಆದ್ದರಿಂದ ಈ ವಿಷಯವನ್ನು ಹಗುರವಾಗಿ ಮಾತನಾಡಲು ನನ್ನಿಂದ ಆಗುವುದಿಲ್ಲ. ನೀವು ಹೇಳಿದ ತಡವಾಗುವಿಕೆ ನಿಜ. ಆದರೆ ಸಾವಿನ ಕಾರಣವನ್ನು ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ.

2018ರಲ್ಲಿ ಸವಾಯಿಯ ಆಸ್ಪತ್ರೆಯೊಂದರಲ್ಲಿ ದಡಾರದ ಲಸಿಕೆಯ ಪುಡಿಗೆ ನೀರಿನ ಬದಲು ಸ್ನಾಯು ಸಡಿಲಿಸುವ ಔಷಧವನ್ನು ಬೆರೆಸಿ ಚುಚ್ಚಿದ್ದರಿಂದ ಎರಡು ಶಿಶುಗಳು ಸತ್ತವು. ಸರ್ಕಾರ ಲಸಿಕೆಯನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು, ಜನರ ನಂಬಿಕೆ ಕುಸಿಯಿತು, ಲಸಿಕೆ ಪಡೆದ ಮಕ್ಕಳ ಪ್ರಮಾಣ ಶೇಕಡಾ 31ರ ಆಸುಪಾಸಿಗೆ ಇಳಿಯಿತು. ಒಂದು ವರ್ಷದ ಬಳಿಕ ದಡಾರ ಬಂದಾಗ ಕಾಡ್ಗಿಚ್ಚಿನಂತೆ ಹಬ್ಬಿದ್ದು ಇದರಿಂದ. ರೋಗಿಗಳ ಮೈಮೇಲೆ ಯಂತ್ರದಿಂದ ಬಂದ ‘ಕ್ಷಾರೀಯ ನೀರು’ ಸಿಂಪಡಿಸಿದ ವ್ಯಾಪಾರಿಯೂ ಆಗ ಇದ್ದ. ಅದಕ್ಕೂ ಸಮೋವಾದ ಪರಂಪರೆಗೂ ಯಾವ ಸಂಬಂಧವೂ ಇಲ್ಲ. ಕೊನೆಗೆ ಡಿಸೆಂಬರ್‌ನಲ್ಲಿ ಎರಡು ದಿನ ಇಡೀ ದೇಶವನ್ನು ಮುಚ್ಚಿ, ಲಸಿಕೆ ಆಗಬೇಕಾದವರಿರುವ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಿಸಿ, ದಾದಿಯರು ಮನೆಮನೆಗೆ ಹೋಗಿ ಲಸಿಕೆ ಹಾಕಿದರು.

ಇನ್ನೂ ಹಿಂದಕ್ಕೆ ಹೋಗಿ. 1918ರ ನವೆಂಬರ್‌ನಲ್ಲಿ ಆಕ್ಲೆಂಡಿನಿಂದ ಹೊರಟ ತಲುನೆ ಎಂಬ ಹಡಗು ಇನ್‌ಫ್ಲುಯೆಂಜಾ ರೋಗಿಗಳೊಂದಿಗೆ ಸಮೋವಾದ ಆಪಿಯಾ ಬಂದರಿಗೆ ಬಂದಾಗ, ಆಗ ಅಲ್ಲಿ ಆಳುತ್ತಿದ್ದ ನ್ಯೂಜಿಲೆಂಡಿನ ಆಡಳಿತ ಅದನ್ನು ತಡೆಯಲಿಲ್ಲ. ಕೆಲವೇ ವಾರಗಳಲ್ಲಿ ಜನಸಂಖ್ಯೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. ಪಕ್ಕದಲ್ಲಿಯೇ ಇದ್ದ ಅಮೆರಿಕನ್ ಸಮೋವಾದಲ್ಲಿ ಹಡಗುಗಳನ್ನು ದೂರದಲ್ಲಿಯೇ ನಿಲ್ಲಿಸಿದ್ದರಿಂದ ಒಬ್ಬರೂ ಸಾಯಲಿಲ್ಲ. ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಇದಕ್ಕೆಲ್ಲ ಕ್ಷಮೆ ಕೇಳಿದ್ದು 2002ರಲ್ಲಿ. ಹೊರಗಿನವರ ಔಷಧವನ್ನು ತಕ್ಷಣ ನಂಬಲು ಅಲ್ಲಿನ ಅಜ್ಜಿಯರಿಗೆ ಏಕೆ ಕಷ್ಟ ಎಂಬುದು ಇದರಿಂದ ಸ್ವಲ್ಪ ಅರ್ಥವಾಗಬಹುದು.

ಇನ್ನೊಂದು ವಿಷಯ. ಸಮೋವಾದವರೇ ಕಾಯಿಲೆಗಳನ್ನು ತಮ್ಮವು, ಬಿಳಿಯರವು ಎಂದು ಎರಡಾಗಿ ವಿಂಗಡಿಸುತ್ತಾರೆ. ಎರಡನೆಯದಕ್ಕೆ ಆಸ್ಪತ್ರೆಯೇ ಸರಿ ಎನ್ನುತ್ತಾರೆ. ತನಗೆ ಸೇರದ ಕಾಯಿಲೆ ಯಾವುದು ಎಂದು ತಿಳಿಯುವುದೂ ಒಳ್ಳೆಯ ತೌಲಾಸೇಆ ಕಲಿತಿರಬೇಕಾದ ವಿದ್ಯೆಯೇ. ಹಾಗೆ ವಾಪಸು ಕಳಿಸಿದ ರೋಗಿಗಳು ನಮ್ಮಲ್ಲಿಗೆ ಬಂದಿದ್ದಾರೆ.

ನೇತ್ರಾವತಿ, ಮಂಗಳೂರು

ಈ ಚರ್ಚೆ ನೋಡಿ ಬಹುದಿನಗಳ ಸಂದೇಹ ಕೇಳುತ್ತಿದ್ದೇನೆ. ಹವಾಯಿಯ ಹೋಓಪೊನೊಪೊನೊ ಎಂದು ನಾಲ್ಕು ವಾಕ್ಯಗಳನ್ನು ಜಪದಂತೆ ಹೇಳಿಕೊಳ್ಳುವ ಪದ್ಧತಿಯನ್ನು ನಮ್ಮ ಯೋಗ ತರಗತಿಯಲ್ಲಿ ಕಲಿಸಿದರು. ನನ್ನನ್ನು ಕ್ಷಮಿಸು, ಧನ್ಯವಾದ ಎಂಬಂಥ ವಾಕ್ಯಗಳು. ಇದೂ ಪಾಲಿನೇಷ್ಯಾದ ಚಿಕಿತ್ಸೆಯೇ?

ಶ್ರೀಕಾಂತ, ವೆಲ್ಲಿಂಗ್ಟನ್

ನೇತ್ರಾವತಿ ಅಕ್ಕ, ನೀವು ಕಲಿತದ್ದು ಇತ್ತೀಚಿನ ರೂಪಾಂತರ. ಮಾರ್ನಾ ಸಿಮಿಯೊನಾ ಎಂಬ ಹವಾಯಿಯ ವೈದ್ಯೆ 1970ರ ದಶಕದಿಂದ ಅದನ್ನು ಒಬ್ಬರೇ ಮಾಡಿಕೊಳ್ಳಬಹುದಾದ ಸಾಧನೆಯಾಗಿ ಬದಲಾಯಿಸಿದರು, ನಾಲ್ಕು ವಾಕ್ಯಗಳ ಜಪ ಜನಪ್ರಿಯವಾದದ್ದು ಅವರ ಶಿಷ್ಯರ ಕಾಲದಲ್ಲಿ.

ಹವಾಯಿಯ ವಿದ್ವಾಂಸೆ ಮೇರಿ ಕವೆನಾ ಪುಕುಯಿ ದಾಖಲಿಸಿರುವ ಮೂಲಪದ್ಧತಿಯಲ್ಲಿ ಒಬ್ಬರೇ ಕುಳಿತು ಮಾಡುವ ಮಾತೇ ಇಲ್ಲ. ಮನೆಯಲ್ಲಿ ಯಾರಾದರೂ ಬಹಳ ಕಾಲ ಹುಷಾರು ತಪ್ಪಿದರೆ, ಬಂಧುಗಳ ನಡುವಿನ ಮನಸ್ತಾಪ ಅದಕ್ಕೆ ಕಾರಣವಿರಬಹುದು ಎಂದು ಇಡೀ ಕುಟುಂಬವನ್ನು ಹಿರಿಯರೊಬ್ಬರು ಕೂರಿಸುತ್ತಾರೆ. ಪ್ರಾರ್ಥನೆಯಾದ ಮೇಲೆ ಸಮಸ್ಯೆಯನ್ನು ಹೇಳಲಾಗುತ್ತದೆ. ಒಬ್ಬರು ಇನ್ನೊಬ್ಬರ ಮೇಲೆ ನೇರವಾಗಿ ಹರಿಹಾಯದಂತೆ ಪ್ರತಿಯೊಬ್ಬರೂ ಹಿರಿಯರನ್ನು ಉದ್ದೇಶಿಸಿಯೇ ಮಾತನಾಡಬೇಕು. ಸಿಟ್ಟು ಏರಿದರೆ ಹಿರಿಯರು ಮೌನವನ್ನು ವಿಧಿಸುತ್ತಾರೆ. ತಪ್ಪೊಪ್ಪಿಗೆ, ಕ್ಷಮೆ, ಹೊಣೆ ತೀರಿಸುವ ಬಗೆ ಎಲ್ಲವೂ ಇತ್ಯರ್ಥವಾದ ಮೇಲೆ ಪರಸ್ಪರ ಬಿಡುಗಡೆ ಮಾಡಿ, ಕೊನೆಯಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ಒಂದೇ ಬಾರಿಗೆ ಮುಗಿಯದಿದ್ದರೆ ದಿನಗಟ್ಟಲೆ ನಡೆಯುವುದೂ ಉಂಟು. ಕುಟುಂಬವನ್ನು ತೆಗೆದುಹಾಕಿ ನಾಲ್ಕು ವಾಕ್ಯಗಳನ್ನು ಉಳಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಜಗಳವಾಡಿದ ಅಣ್ಣನ ಮುಂದೆ ಕುಳಿತುಕೊಳ್ಳುವ ಕಷ್ಟವೇ ಅಲ್ಲಿನ ಚಿಕಿತ್ಸೆ.

ನೇತ್ರಾವತಿ, ಮಂಗಳೂರು

ಇದನ್ನು ಯಾರೂ ಹೇಳಿರಲಿಲ್ಲ. ಧನ್ಯವಾದ ಶ್ರೀಕಾಂತ.

ಶರಣಪ್ಪ, ಕಲಬುರಗಿ

ನೋನಿ ಎಂಬ ಹಣ್ಣಿನ ರಸದ ಬಗ್ಗೆಯೂ ಯಾರಾದರೂ ಬರೆಯಿರಿ. ಪಾಲಿನೇಷ್ಯಾದ ಸಾವಿರಾರು ವರ್ಷಗಳ ಗುಟ್ಟು ಎಂದು ಹೇಳಿ ನಮ್ಮ ತಂದೆಯವರಿಗೆ ಒಬ್ಬರು ದುಬಾರಿ ಬಾಟಲಿ ಮಾರಿದ್ದಾರೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಎಲ್ಲ ಹೋಗುತ್ತದೆಯಂತೆ.

ಡಾ. ಗುರುರಾಜ್, ಹುಬ್ಬಳ್ಳಿ

ಶರಣಪ್ಪನವರೇ, ನಿಮ್ಮ ತಂದೆಯವರಿಗೆ ಮೂತ್ರಪಿಂಡದ ತೊಂದರೆ ಇದ್ದರೆ ಅದನ್ನು ಇಂದೇ ನಿಲ್ಲಿಸಿ, ಅವರ ವೈದ್ಯರಿಗೆ ತಿಳಿಸಿ. ನೋನಿ ರಸದಲ್ಲಿ ಪೊಟ್ಯಾಸಿಯಂ ಕಿತ್ತಳೆ ರಸದಲ್ಲಿರುವಷ್ಟೇ ಇರುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅಂಥ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ 2000ದಲ್ಲಿಯೇ ವರದಿಯಾಗಿದೆ. ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳು ಆಸ್ಟ್ರಿಯಾದಿಂದ ಬಂದಿವೆ.

ಸಸ್ಯಮಿತ್ರ, ಶಿರಸಿ

ಈ ವಿಷಯದಲ್ಲಿ ನಾನು ಡಾಕ್ಟರರ ಜೊತೆಗೇ ಇದ್ದೇನೆ. ದ್ವೀಪವಾಸಿಗಳು ನೋನಿಯನ್ನು ಬಳಸುತ್ತಿದ್ದದ್ದು ನಿಜ, ಆದರೆ ಬಹುಮಟ್ಟಿಗೆ ಹೊರಗಿನಿಂದ. ಎಲೆಯನ್ನು ಬಾಡಿಸಿ ಊತದ ಮೇಲೆ ಕಟ್ಟುತ್ತಾರೆ, ಹಣ್ಣನ್ನು ಜಜ್ಜಿ ಕುರುವಿಗೆ ಹಚ್ಚುತ್ತಾರೆ. ಹಣ್ಣನ್ನು ತಿನ್ನುತ್ತಿದ್ದದ್ದು ಬರಗಾಲದಲ್ಲಿ, ಅದರ ವಾಸನೆಯೇ ಅಂಥದ್ದು. ಆರೋಗ್ಯವಂತರೂ ದಿನವೂ ಲೋಟದಲ್ಲಿ ಕುಡಿಯುವ ಟಾನಿಕ್ ಆಗಿ ಅದು ಜಗತ್ತಿಗೆಲ್ಲ ಹರಡಿದ್ದು 1990ರ ದಶಕದಲ್ಲಿ, ಸರಪಳಿ ಮಾರಾಟದ ಕಂಪನಿಗಳ ಮೂಲಕ. ಆಧಾರವಿಲ್ಲದ ರೋಗಪರಿಹಾರದ ಮಾತುಗಳನ್ನು ನಿಲ್ಲಿಸಬೇಕೆಂದು ಅಮೆರಿಕದ ಕೆಲವು ರಾಜ್ಯಗಳು 1998ರಲ್ಲಿಯೇ ಅಂಥ ಮಾರಾಟಗಾರರಿಂದ ಒಪ್ಪಂದ ಬರೆಸಿಕೊಂಡಿದ್ದವು. ಸಮೋವಾದ ಅಜ್ಜಿ ತನ್ನ ಹಿತ್ತಲಿನ ಎಲೆಯನ್ನು ಕಿತ್ತು ಕಟ್ಟುವುದಕ್ಕೂ, ಆ ಅಜ್ಜಿಯ ಹೆಸರನ್ನು ಬಾಟಲಿಗೆ ಅಂಟಿಸಿ ಕಲಬುರಗಿಯಲ್ಲಿ ಮಾರುವುದಕ್ಕೂ ಅಜಗಜಾಂತರವಿದೆ.

ಮಂಗಳಾ, ಮೈಸೂರು

ಹಾಗಾದರೆ ನಿಜವಾದ ವೈದ್ಯರು ಹಣ ಪಡೆಯುವುದಿಲ್ಲವೇ?

ವಾಣಿ, ಆಕ್ಲೆಂಡ್

ಮಂಗಳಾ ಅವರೇ, ದರ ನಿಗದಿ ಮಾಡುವ ಪದ್ಧತಿ ಸಮೋವಾದಲ್ಲಾಗಲಿ ಟೊಂಗಾದಲ್ಲಾಗಲಿ ಹಿಂದೆ ಇರಲಿಲ್ಲ. ವಿದ್ಯೆ ಮನೆತನದ್ದು, ಅನೇಕ ಬಾರಿ ತಾಯಿಯಿಂದ ಮಗಳಿಗೆ ಬಂದದ್ದು, ದೇವರು ಕೊಟ್ಟದ್ದು. ಅದನ್ನು ಮಾರಿಕೊಂಡರೆ ಕೈಗುಣ ಹೋಗುತ್ತದೆ ಎಂದು ಹೇಳುವವರನ್ನು ನಾನೇ ಕೇಳಿದ್ದೇನೆ. ರೋಗಿಯ ಮನೆಯವರು ಊಟ, ಚಾಪೆ, ಬಟ್ಟೆ ಹೀಗೆ ಏನನ್ನಾದರೂ ಪ್ರೀತಿಯಿಂದ ಕೊಡುತ್ತಾರೆ. ಈಗ ನಗರದಲ್ಲಿ ಹಣವನ್ನೂ ಕೊಡುತ್ತಾರೆ. ಸರ್ಕಾರದ ನಿಗಮ ಗಂಟೆಗಿಷ್ಟು ಎಂದು ಬಿಲ್ಲು ಕೇಳುವಾಗ ಈ ಪದ್ಧತಿ ಏನಾಗುತ್ತದೆ ಎಂಬ ಆತಂಕ ರೊಂಗೊಆ ವೈದ್ಯರಲ್ಲಿಯೂ ಇದೆ.

ಶ್ರೀಕಾಂತ, ವೆಲ್ಲಿಂಗ್ಟನ್

ರೊಂಗೊಆ ವಿಷಯಕ್ಕೆ ಬರೋಣ, ಏಕೆಂದರೆ ಗುರುರಾಜ್ ಸರ್ ಹೇಳುವ ‘ಒಂದೇ ಅಳತೆಗೋಲ’ನ್ನು ಕಾನೂನಾಗಿ ಮಾಡಿದ ದೇಶ ಇದು. 1907ರಲ್ಲಿ ಇಲ್ಲಿನ ಸಂಸತ್ತು ತೊಹುಂಗಾ ದಮನ ಕಾಯ್ದೆಯನ್ನು ತಂದಿತು. ತೊಹುಂಗಾ ಎಂದರೆ ಮಾವೊರಿಗಳಲ್ಲಿ ವಿದ್ಯೆ ಬಲ್ಲವರು. ರೋಗ ವಾಸಿಮಾಡುವ, ಭವಿಷ್ಯ ಹೇಳುವ ಶಕ್ತಿಯಿದೆ ಎಂದು ಜನರನ್ನು ಸೇರಿಸುವವರಿಗೆ ದಂಡ, ಜೈಲು. ಕಾಯ್ದೆಯನ್ನು ಮಂಡಿಸಿದ ಜೇಮ್ಸ್ ಕ್ಯಾರಲ್ ಅವರೇ ಮಾವೊರಿ ವಂಶದವರು. ಪಾಶ್ಚಾತ್ಯ ವೈದ್ಯ ಪದವಿ ಪಡೆದ ಮೊದಲ ಮಾವೊರಿ ಮಾವುಯಿ ಪೊಮಾರೆ ಕೂಡ ಅದನ್ನು ಬೆಂಬಲಿಸಿದರು. ಜ್ವರದ ರೋಗಿಗಳನ್ನು ತಣ್ಣೀರಿನಲ್ಲಿ ಮುಳುಗಿಸಿ ಸಾಯಿಸಿದ ಪ್ರಕರಣಗಳನ್ನು ಅವರು ಬಲ್ಲವರಾಗಿದ್ದರು, ಅವರ ಕಳವಳ ಪ್ರಾಮಾಣಿಕವಾದದ್ದು.

ಆದರೆ ಪರಿಣಾಮವೇನಾಯಿತು? ಹಳ್ಳಿಗಳಿಗೆ ಆಸ್ಪತ್ರೆಗಳು ಸಾಕಷ್ಟು ಬರಲಿಲ್ಲ, ಪಾರಂಪರಿಕ ವೈದ್ಯರು ಮಾತ್ರ ಮರೆಯಾದರು. 1962ರಲ್ಲಿ ಕಾಯ್ದೆ ರದ್ದಾಗುವವರೆಗೆ ಎರಡು ತಲೆಮಾರು ಕದ್ದುಮುಚ್ಚಿ ಕಲಿಯಬೇಕಾಯಿತು. ಕದ್ದುಮುಚ್ಚಿ ನಡೆಯುವಾಗ ಒಳ್ಳೆಯ ವೈದ್ಯರು ಯಾರು, ಮೋಸಗಾರರು ಯಾರು ಎಂದು ಹೇಳುವವರೂ ಇರುವುದಿಲ್ಲ. 1991ರಲ್ಲಿ ಸಲ್ಲಿಕೆಯಾದ ವಾಯ್ 262 ಎಂಬ ದೊಡ್ಡ ಅಹವಾಲಿನ ಬಗ್ಗೆ, ಮಾವೊರಿಗಳ ಅಹವಾಲುಗಳನ್ನು ಆಲಿಸುವ ವೈತಂಗಿ ನ್ಯಾಯಮಂಡಳಿ 2011ರಲ್ಲಿ ವರದಿ ಕೊಟ್ಟಾಗ, ಈ ಕಾಯ್ದೆಗೆ ಸಮರ್ಥನೆಯೇ ಇರಲಿಲ್ಲ ಎಂದು ಹೇಳಿತು. ಇದಕ್ಕೆ ವಿರುದ್ಧವಾದ ಉದಾಹರಣೆ ಹವಾಯಿಯದು. ಅಲ್ಲಿನ ದೊರೆ ಐದನೆಯ ಕಮೆಹಮೆಹಾ ಕಾಲದಲ್ಲಿ, 1868ರಲ್ಲಿಯೇ, ಮಂಡಳಿಯೊಂದನ್ನು ಮಾಡಿ ಪಾರಂಪರಿಕ ವೈದ್ಯರನ್ನು ಪರೀಕ್ಷಿಸಿ ಪರವಾನಗಿ ಕೊಡುವ ವ್ಯವಸ್ಥೆ ಮಾಡಿದ್ದರು.

ಡಾ. ಗುರುರಾಜ್, ಹುಬ್ಬಳ್ಳಿ

ನಿಷೇಧವನ್ನು ನಾನು ಎಲ್ಲಿಯೂ ಬೆಂಬಲಿಸಿಲ್ಲ, ಶ್ರೀಕಾಂತ ಅವರೇ. ಪರೀಕ್ಷಿಸಿ ಎಂದಷ್ಟೇ ಕೇಳುತ್ತಿದ್ದೇನೆ. ಹವಾಯಿಯಲ್ಲಿ ಪರೀಕ್ಷೆ ಇತ್ತು ಎಂದು ನೀವೇ ಬರೆದಿದ್ದೀರಿ.

ಶ್ರೀಕಾಂತ, ವೆಲ್ಲಿಂಗ್ಟನ್

ಒಪ್ಪುತ್ತೇನೆ ಸರ್, ಆದರೆ ಯಾರು ಪರೀಕ್ಷಿಸಬೇಕು ಎಂಬುದು ನನ್ನ ಪ್ರಶ್ನೆ. ಹವಾಯಿಯ ವಿದ್ಯಾರ್ಥಿಗಳಿಗೆ ನೆಲದ ಮೇಲೆ ಬೆಣಚುಕಲ್ಲುಗಳನ್ನು ಮನುಷ್ಯನ ಆಕಾರದಲ್ಲಿ ಜೋಡಿಸಿ, ಒಂದೊಂದು ಕಲ್ಲಿಗೂ ಒಂದೊಂದು ರೋಗಲಕ್ಷಣವನ್ನು ಹೇಳಿಕೊಟ್ಟು, ಆಮೇಲೆ ರೋಗಿಯ ಮೈಯನ್ನು ಬೆರಳಿನಿಂದ ಮುಟ್ಟಿ ಗುರುತಿಸುವುದನ್ನು ಕಲಿಸುತ್ತಿದ್ದರು. ಗಿಡವನ್ನು ಕೀಳುವಾಗ ಬಲಗೈಯಿಂದ ಕೂ ದೇವರಿಗೆ, ಎಡಗೈಯಿಂದ ಹಿನಾ ದೇವಿಗೆ ಪ್ರಾರ್ಥಿಸಬೇಕಿತ್ತು. ಔಷಧ ಸಾಮಾನ್ಯವಾಗಿ ಐದು ದಿನ, ಕೊನೆಯಲ್ಲಿ ನಿಗದಿಯಾದ ಆಹಾರವೊಂದನ್ನು ತಿಂದು ಚಿಕಿತ್ಸೆಯನ್ನು ಮುಗಿಸುತ್ತಿದ್ದರು. ಇದರಲ್ಲಿ ಕಲ್ಲಿನ ಪಾಠವನ್ನು ನೀವು ಮೆಚ್ಚುತ್ತೀರಿ, ಪ್ರಾರ್ಥನೆಯನ್ನು ಬಿಡುತ್ತೀರಿ. ಅವರಿಗೆ ಎರಡೂ ಒಂದೇ ವಿದ್ಯೆ. ಮೇಸನ್ ಡ್ಯೂರಿ ಎಂಬ ಮಾವೊರಿ ಮನೋವೈದ್ಯರು 1980ರ ದಶಕದಲ್ಲಿ ಆರೋಗ್ಯವನ್ನು ನಾಲ್ಕು ಗೋಡೆಗಳ ಮನೆ ಎಂದು ವಿವರಿಸಿದರು. ದೇಹ, ಮನಸ್ಸು, ಕುಟುಂಬ, ಆತ್ಮ ಈ ನಾಲ್ಕರಲ್ಲಿ ಒಂದು ಬಿದ್ದರೂ ಮನೆ ನಿಲ್ಲುವುದಿಲ್ಲ. ಅದನ್ನು ಈಗ ನ್ಯೂಜಿಲೆಂಡಿನ ದಾದಿಯರಿಗೂ ವೈದ್ಯರಿಗೂ ಪಾಠವಾಗಿ ಕಲಿಸುತ್ತಾರೆ.

ನೇತ್ರಾವತಿ, ಮಂಗಳೂರು

ನಮ್ಮಲ್ಲಿರುವ ಗಿಡಗಳು ಅಲ್ಲಿಯೂ ಇವೆಯೇ?

ಸಸ್ಯಮಿತ್ರ, ಶಿರಸಿ

ಅರಿಸಿನವೇ ಇದೆ, ಅಕ್ಕ. ಏಷ್ಯಾದ ಕಡೆಯಿಂದ ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಹೊರಟ ಪೂರ್ವಜರು ಕೆಸುವು, ಬಾಳೆ, ಕಬ್ಬಿನ ಜೊತೆಗೆ ಅರಿಸಿನದ ಗೆಡ್ಡೆಯನ್ನೂ ಒಯ್ದು ನೆಟ್ಟರು. ಹವಾಯಿಯಲ್ಲಿ ಅದನ್ನು ಓಲೆನಾ ಎನ್ನುತ್ತಾರೆ, ಅದರ ರಸವನ್ನು ಹಿಂಡಿ ಕಿವಿನೋವಿಗೆ ಬಳಸುತ್ತಿದ್ದರು. ಕಾವಾ ಎಂಬ, ಬೇರನ್ನು ಅರೆದು ನೀರಿನಲ್ಲಿ ಕಲಸಿ ಕುಡಿಯುವ ಗಿಡ ನಮ್ಮ ಕಾಳುಮೆಣಸು, ವೀಳ್ಯದೆಲೆಗಳ ಜಾತಿಯದೇ. ನ್ಯೂಜಿಲೆಂಡಿನ ಕಾವಾಕಾವಾ ಕೂಡ ಅದೇ ಜಾತಿಯದು, ವೀಳ್ಯದೆಲೆಯಂತೆ ಹೃದಯದ ಆಕಾರದ ಎಲೆ. ಹುಳು ತಿಂದು ತೂತಾದ ಎಲೆಗಳನ್ನೇ ಔಷಧಕ್ಕೆ ಆರಿಸಿ ಕೀಳಬೇಕು ಎಂಬುದು ರೊಂಗೊಆ ಬಲ್ಲವರ ನಿಯಮ.

ರಘುನಂದನ, ಬೆಂಗಳೂರು

ಯಾರು ಪರೀಕ್ಷಿಸಬೇಕು ಎಂಬ ಪ್ರಶ್ನೆಗೆ 2021ರಲ್ಲಿ ಒಳ್ಳೆಯ ಉತ್ತರವೊಂದು ಸಿಕ್ಕಿದೆ. ಸಮೋವಾದ ವಿಜ್ಞಾನಿ ಸೆಯೆಸೆಯೆಯಿ ಮೊಲಿಮಾವು-ಸಮಸೋನಿ ಅವರು ಮಾಟಾಲಾಫಿ ಎಂಬ ಗಿಡವನ್ನು ಅಧ್ಯಯನ ಮಾಡಿದರು. ಜ್ವರ, ಮೈನೋವು, ಊತಗಳಿಗೆ ಅದರ ಹಸಿ ಎಲೆಯನ್ನು ಜಜ್ಜಿ ರಸ ತೆಗೆದು ಕೊಡುತ್ತಾರೆ. ದೆವ್ವ ಮೆಟ್ಟಿದೆ ಎನ್ನುವ ಕಾಯಿಲೆಗಳಿಗೂ ಅದನ್ನೇ ಬಳಸುತ್ತಾರೆ. ವೈದ್ಯರು ಜಜ್ಜುವ ರೀತಿಯಲ್ಲಿಯೇ ತಯಾರಿಸಿದ ರಸವನ್ನು ಪರೀಕ್ಷಿಸಿದಾಗ, ಅದು ಜೀವಕೋಶದಲ್ಲಿ ಕಬ್ಬಿಣವನ್ನು ಹಿಡಿದಿಡುವ ಮೂಲಕ ಕೆಲಸ ಮಾಡುತ್ತದೆ, ಪ್ರಯೋಗಾಲಯದ ಕೋಶಗಳಲ್ಲಿ ಉರಿಯೂತವನ್ನು ಐಬುಪ್ರೊಫೆನ್‌ಗೆ ಸಮನಾಗಿ ತಗ್ಗಿಸುತ್ತದೆ ಎಂದು ಕಂಡುಬಂದಿತು. ಇದು ಮನುಷ್ಯರ ಮೇಲಿನ ಪರೀಕ್ಷೆಯಲ್ಲ, ಆದ್ದರಿಂದ ಯಾರೂ ಮಾತ್ರೆ ಬಿಟ್ಟು ಎಲೆ ಹುಡುಕಬೇಕಾಗಿಲ್ಲ. ಆದರೆ ಪ್ರಶ್ನೆ ಕೇಳಿದವರು ಆ ನೆಲದವರೇ, ಆ ವೈದ್ಯರ ಭಾಷೆ ಬಲ್ಲವರೇ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಡಾ. ಗುರುರಾಜ್, ಹುಬ್ಬಳ್ಳಿ

ಇಂಥ ಕೆಲಸಕ್ಕೆ ನನ್ನ ಪೂರ್ಣ ಗೌರವವಿದೆ. ವಾಣಿ ಮೇಡಂ, ಒಂದು ಪ್ರಾಯೋಗಿಕ ಪ್ರಶ್ನೆ. ರೋಗಿ ಫೊಫೋ ಬಳಿ ಹೋಗಿದ್ದೆ ಎಂದಾಗ ಅದನ್ನು ನೀವು ದಾಖಲೆಯಲ್ಲಿ ಬರೆಯುತ್ತೀರಾ?

ವಾಣಿ, ಆಕ್ಲೆಂಡ್

ಬರೆಯುತ್ತೇನೆ ಡಾಕ್ಟರೇ. ಎಲ್ಲಿ ಒತ್ತಿದರು, ಎಷ್ಟು ಜೋರಾಗಿ, ಹೊಟ್ಟೆಗೆ ಏನಾದರೂ ಕೊಟ್ಟರೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವುದು ಅವರಿಗೆ ಗೊತ್ತೇ ಎಂದು ಕೇಳುತ್ತೇನೆ. ಗದರಿದರೆ ಮುಂದಿನ ಬಾರಿ ಹೇಳುವುದಿಲ್ಲ, ಹೇಳದಿದ್ದರೆ ಅಪಾಯ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮೂಳೆ ಮುರಿದಿರುವ ಅನುಮಾನವಿದ್ದರೆ ಎಕ್ಸ್‌ರೇ ಆಗುವವರೆಗೆ ಒತ್ತಿಸಬೇಡಿ ಎಂದು ಹೇಳಿದರೆ ಯಾರೂ ಬೇಸರ ಮಾಡಿಕೊಂಡಿಲ್ಲ.

ಡಾ. ಗುರುರಾಜ್, ಹುಬ್ಬಳ್ಳಿ

ಅಷ್ಟು ಸಾಲದು. ಮಗುವಿಗೆ ಉಸಿರಾಟದ ವೇಗ ಹೆಚ್ಚಿದ್ದರೆ, ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ ಕೂಡಲೇ ಆಸ್ಪತ್ರೆಗೆ ಕಳಿಸಬೇಕೆಂಬುದನ್ನು ಆ ಫೊಫೋಗಳಿಗೇ ಕಲಿಸಬೇಕು. ಹುಬ್ಬಳ್ಳಿಯ ಸುತ್ತಲಿನ ಸೂಲಗಿತ್ತಿಯರಿಗೆ ನಾವು ಹೀಗೆಯೇ ತಿಳಿಸುತ್ತಿದ್ದೆವು, ಅವರು ಕಳಿಸುತ್ತಿದ್ದರು.

ವಾಣಿ, ಆಕ್ಲೆಂಡ್

ಸಮೋವಾದ ಆರೋಗ್ಯ ಇಲಾಖೆ ಸೂಲಗಿತ್ತಿಯರಿಗೆ ಅಂಥ ತರಬೇತಿಯನ್ನು ಬಹಳ ಕಾಲದಿಂದ ಕೊಡುತ್ತಿದೆ. ಫೊಫೋಗಳಿಗೆ ಇಲ್ಲಿ ಆಕ್ಲೆಂಡಿನಲ್ಲಿ ಹೇಗೆ ತಲುಪಿಸುವುದು ಎಂದು ನಮ್ಮ ಕ್ಲಿನಿಕ್ಕಿನ ಸಮೋವಾದ ದಾದಿಯನ್ನು ಕೇಳುತ್ತೇನೆ. ನೀವು ಸೂಲಗಿತ್ತಿಯರಿಗೆ ಹೇಳುತ್ತಿದ್ದ ಲಕ್ಷಣಗಳ ಪಟ್ಟಿಯನ್ನು ದಯವಿಟ್ಟು ಇಲ್ಲಿಯೇ ಬರೆಯಿರಿ.